ಕಂಡಕ್ಟ್ರಮ್ಮನ ಮಗಳ ಅರ್ಧ ಟಿಕೆಟ್

ಆ ಬಸ್ಸಿನ ಹಿಂಬಾಗಿಲ ಪಕ್ಕದ ಕಂಬಕ್ಕೆ ಒಂದು ಕೆಂಪು ಗೆರೆ ಬಳಿದಿತ್ತು. ಮಗುವಿನ ತಲೆ ಗೆರೆಯ ಕೆಳಗಿದ್ದರೆ ಪ್ರಯಾಣ ಪುಕ್ಕಟೆ, ದಾಟಿದರೆ ಅರ್ಧ ಟಿಕೆಟ್. ಇಷ್ಟು ಸರಳವಾದ ನಿಯಮಕ್ಕೆ ಜನ ಎಷ್ಟು ಬಗೆಯ ನಾಟಕ ಕಟ್ಟುತ್ತಾರೆ ಎಂಬುದನ್ನು ಕಂಡಕ್ಟ್ರಮ್ಮನನ್ನೇ ಕೇಳಬೇಕು. ಹತ್ತು ವರ್ಷ ಟಿಕೆಟ್ ಹರಿದ ಹೆಂಗಸು ಅವಳು. ಮಂಡಿ ಬಗ್ಗಿಸಿ ನಿಲ್ಲು ಎಂದು ಮಗನ ಕಿವಿಯಲ್ಲಿ ಪಿಸುಗುಟ್ಟುವ ಅಪ್ಪಂದಿರನ್ನು ನೋಡಿದ್ದಳು. ಎಂಟು ವರ್ಷದ ಗುಂಡನನ್ನು ಏದುಸಿರು ಬಿಡುತ್ತ ಸೊಂಟಕ್ಕೇರಿಸಿಕೊಂಡು, ಇದಿನ್ನೂ ಹಾಲು ಕುಡಿಯೋ ಕೂಸು ಎಂದ ಅಜ್ಜಿಯನ್ನೂ ನೋಡಿದ್ದಳು. ಎಲ್ಲಕ್ಕಿಂತ ಹಳೆಯ ಉಪಾಯವೆಂದರೆ ಅಕ್ಕರೆ ತೋರಿಸುವವರಂತೆ ಮಗುವಿನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಅದುಮುವುದು. ಅದನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆ ಕೈ ತೆಗೆಸಿ, ಟಿಕೆಟ್ ಹರಿದು ಕೊಡುವ ತನಕ ಜಪ್ಪಯ್ಯ ಎಂದರೂ ಬಿಡುತ್ತಿರಲಿಲ್ಲ.

ಅವಳಿಗೂ ಒಬ್ಬಳು ಮಗಳಿದ್ದಳು. ಒಂದನೇ ಕ್ಲಾಸು. ನಿಂತಲ್ಲಿ ನಿಲ್ಲದ, ಕೂತಲ್ಲಿ ಕೂರದ ಆ ಹುಡುಗಿಗೆ ಡ್ರೈವರಣ್ಣ ಇಟ್ಟ ಹೆಸರು ಚಿನಕುರುಳಿ. ಸಂಜೆ ನಾಲ್ಕೂವರೆಗೆ ಸ್ಕೂಲಿನ ಎದುರು ಟೀಚರು ಅವಳನ್ನು ಅಮ್ಮನ ಬಸ್ಸಿಗೇ ಹತ್ತಿಸುತ್ತಿದ್ದರು. ಅಲ್ಲಿಂದ ಡಿಪೋಗೆ ಅರ್ಧ ಗಂಟೆಯ ದಾರಿ. ಆ ಹೊತ್ತಿನಲ್ಲಿ ಚಿನಕುರುಳಿ ಕಂಡಕ್ಟರಿಗೆಂದೇ ಇರುವ ಮೊಳದಗಲದ ಸೀಟಿನಲ್ಲಿ ಅಮ್ಮನ ತೊಡೆಯೇರಿ, ಅವತ್ತು ಯಾರ ಹಲ್ಲು ಬಿತ್ತು, ಯಾರು ಯಾರಿಗೆ ಗುದ್ದಿದರು ಎಂದು ಒಂದೂ ಬಿಡದೆ ಒಪ್ಪಿಸಬೇಕು. ಬೆಳಿಗ್ಗೆ ಮಗು ಏಳುವ ಮುಂಚೆ ಮನೆ ಬಿಟ್ಟು, ಸಂಜೆ ಮನೆ ಸೇರಿದ್ದೇ ಒಲೆ, ಪಾತ್ರೆ ಎಂದು ಓಡಾಡುವ ಅಮ್ಮನಿಗೆ ಇಡೀ ದಿನದಲ್ಲಿ ದಕ್ಕುತ್ತಿದ್ದದ್ದು ಆ ಅರ್ಧ ಗಂಟೆ. ಈಚೆಗೆ ಮಗಳ ಕೂದಲು ಮೂಗಿಗೆ ತಾಗಿ ಸೀನು ಬರುತ್ತಿತ್ತು. ಹಿಂದೆಲ್ಲ ಗಲ್ಲಕ್ಕೂ ತಾಗದ ತಲೆ ಮೂಗಿಗೆ ಹೇಗೆ ಬಂತು ಎಂದು ಅವಳು ಯೋಚಿಸಲು ಹೋಗಿರಲಿಲ್ಲ.

ಅವತ್ತು ಸ್ಕೂಲಿನ ಸ್ಟಾಪಿಗೆ ಮುಂಚೆ ಹೂವಿನಂಗಡಿಯ ಹೆಂಗಸೊಬ್ಬಳು ಮಗನೊಡನೆ ಹತ್ತಿದಳು. ಹುಡುಗ ಗೆರೆಗಿಂತ ಎರಡು ಬೆರಳು ಮೇಲಿದ್ದ. ವಾದ, ಗೊಣಗಾಟ ಎಲ್ಲ ಆಗಿ, ಅರ್ಧ ಟಿಕೆಟ್ ತೆಗೆದುಕೊಂಡು, ಮುಖ ಊದಿಸಿಕೊಂಡು ಕೂತಳು. ಮುಂದಿನ ಸ್ಟಾಪಿನಲ್ಲಿ ಚಿನಕುರುಳಿ ಹತ್ತಿ ನೇರ ಅಮ್ಮನ ತೊಡೆಯೇರಿದ್ದೇ ತಡ, ಆ ಹೆಂಗಸು ಕಿಟಕಿಯ ಕಡೆ ನೋಡುತ್ತ ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು. "ಗೆರೆ ಬಳಿದಿರೋದು ನಮ್ಮ ಮಕ್ಕಳಿಗೆ ಮಾತ್ರ ಅಂತ ಕಾಣುತ್ತೆ."

ನಾಲ್ಕು ಜನ ನಕ್ಕರು. ಕಂಡಕ್ಟ್ರಮ್ಮನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುವಂಥದ್ದು. ಧಡಕ್ಕನೆ ಎದ್ದು ಮಗಳನ್ನು ಕಂಬಕ್ಕೆ ಒರಗಿಸಿದಳು. ಸ್ಕೂಲಿಗೆ ಸೇರಿಸಿದಾಗ ಗೆರೆಗಿಂತ ನಾಲ್ಕು ಬೆರಳು ಕೆಳಗಿದ್ದ ಮಗು, ನೋಡಿಕೊಳ್ಳಲಿ ಎಲ್ಲರೂ ಎಂದು ಧೈರ್ಯ. ಆದರೆ ಗೆರೆ ಎಲ್ಲೂ ಕಾಣಲಿಲ್ಲ. ಅದು ಮಗಳ ತಲೆಯ ಹಿಂದೆ ಅಡಗಿ ಹೋಗಿತ್ತು.

ಟಿಕೆಟ್ ಕೊಟ್ಟರೆ ಏನಾಗುತ್ತದೆ ಎಂಬುದು ಅವಳಿಗೆ ಬಾಯಿಪಾಠ. ಟಿಕೆಟ್ ಪಡೆದ ಮೇಲೆ ಮಗುವಲ್ಲ, ಪ್ರಯಾಣಿಕರು. ಪ್ರಯಾಣಿಕರು ಯಾರೂ ಕಂಡಕ್ಟರ್ ಸೀಟಿನ ಹತ್ತಿರ ಸುಳಿಯುವಂತಿಲ್ಲ. ನಾಳೆಯಿಂದ ತೊಡೆ ಖಾಲಿ.

"ಅಮ್ಮಾ, ಒತ್ತಬೇಡ. ನಾನು ನೆಟ್ಟಗೇ ನಿಂತಿದೀನಿ" ಎಂದಳು ಮಗಳು.

ಆಗಲೇ ಅವಳು ತನ್ನ ಕೈ ನೋಡಿಕೊಂಡದ್ದು. ಅದು ಮಗಳ ಹೆಗಲ ಮೇಲಿತ್ತು, ಅದುಮುತ್ತಲೂ ಇತ್ತು. ಹತ್ತು ವರ್ಷ ಯಾರ ಯಾರ ಕೈಯನ್ನೋ ಗದರಿಸಿ ತೆಗೆಸಿದವಳು ಬೆಪ್ಪಾಗಿ ನಿಂತಳು. ನಾಚಿ ಕೈ ತೆಗೆದಳು. ಹೂವಿನಂಗಡಿಯವಳು ನಗಲಿಲ್ಲ, ಪಾಪ, ತಲೆ ತಗ್ಗಿಸಿ ಮಗನ ಕಾಲರ್ ಸರಿಮಾಡತೊಡಗಿದಳು. ಜುಟ್ಟು ಸೇರಿಸಿದರೆ ಯಾರ ಮಕ್ಕಳೂ ದಾಟುತ್ತಾರೆ, ಬಿಡಕ್ಕ, ಎಂದು ಡ್ರೈವರಣ್ಣ ಮುಂದಿನಿಂದಲೇ ದಾರಿ ತೋರಿಸಿದ. ಅವಳೂ ಹೂಂ ಎನ್ನುವವಳಿದ್ದಳು, ಆದರೆ ಚಿನಕುರುಳಿ ಬಿಡಬೇಕಲ್ಲ. ತಾನೇ ರಬ್ಬರ್ ಬ್ಯಾಂಡ್ ಎಳೆದು ಜುಟ್ಟು ಬಿಚ್ಚಿ, ಕೂದಲನ್ನು ಎರಡೂ ಕೈಯಿಂದ ಚಪ್ಪಟೆ ಮಾಡಿಕೊಂಡು, ಈಗ ನೋಡು ಎಂದಳು. ಆಗಲೂ ಒಂದು ಬೆರಳು ಮೇಲೇ.

ಅಮ್ಮ ತನ್ನ ಪರ್ಸಿನಿಂದ ದುಡ್ಡು ಹಾಕಿ ಟಿಕೆಟ್ ಹರಿದಳು. ಮಗಳು ಅದನ್ನು ಬಹುಮಾನದಂತೆ ಎರಡೂ ಕೈಯಲ್ಲಿ ತೆಗೆದುಕೊಂಡು, ಹಿಂತಿರುಗಿಯೂ ನೋಡದೆ ಹೋಗಿ ಮುಂದಿನ ಕಿಟಕಿಯ ಪಕ್ಕ ಕೂತಳು. ಬೆನ್ನು ನೆಟ್ಟಗಿತ್ತು, ಕಾಲಿನ ಬೆರಳು ನೆಲ ಮುಟ್ಟುತ್ತಿತ್ತು. ಆ ಕಾಲು ಯಾವಾಗ ಅಷ್ಟುದ್ದ ಆಯಿತೋ! ಕಂಡೋರ ಮಕ್ಕಳನ್ನು ಹದ್ದಿನ ಕಣ್ಣಿಟ್ಟು ಅಳೆದದ್ದೇ ಬಂತು, ಮನೆಯ ಮಗು ಬೆಳೆದದ್ದು ಕಾಣಲಿಲ್ಲ ಎಂದು ತನ್ನನ್ನೇ ಬೈದುಕೊಂಡಳು. ಅಳುವೂ ಬಂತು, ಹೆಮ್ಮೆಯೂ ಆಯಿತು. ಖಾಲಿ ತೊಡೆಯ ಮೇಲೆ ಟಿಕೆಟ್ ಚೀಲ ಇಟ್ಟುಕೊಂಡು ಕೂತಳು.

ಮಾರ್ಕೆಟ್ಟಿನಲ್ಲಿ ಮುಕ್ಕಾಲು ಬಸ್ಸು ಇಳಿದು, ಅಷ್ಟೇ ಜನ ಹತ್ತಿದರು. ಹತ್ತಿದವರಿಗೆಲ್ಲ ಟಿಕೆಟ್ ಕೊಟ್ಟು ಮುಗಿಸುವಷ್ಟರಲ್ಲಿ ಬ್ರೀಫ್‌ಕೇಸಿನವರೊಬ್ಬರು ಅವಳನ್ನು ಕರೆದು, ಈ ಮಗು ಬ್ಯಾಗಿಟ್ಟು ಸೀಟು ಹಿಡಿದುಕೊಂಡಿದೆ, ಎಷ್ಟು ಕೇಳಿದರೂ ಬಿಡುತ್ತಿಲ್ಲ ಎಂದು ದೂರಿದರು. ನೋಡಿದರೆ ಚಿನಕುರುಳಿ. ಬ್ಯಾಗಿಗೆಲ್ಲ ಸೀಟಿಲ್ಲ, ತೆಗಿ ಎಂದು ಅಮ್ಮ ಕಣ್ಣು ಬಿಟ್ಟಳು.

"ಬ್ಯಾಗಿಗಲ್ಲ, ನಿಂಗೆ" ಎಂದಳು ಮಗಳು. "ಇನ್ನೇನು ಎರಡೇ ಸ್ಟಾಪು, ಎಲ್ಲರಿಗೂ ಕೊಟ್ಟಾಯ್ತಲ್ಲ. ಕೂತ್ಕೋ."

ಬ್ರೀಫ್‌ಕೇಸಿನವರು ನಕ್ಕು, ನಿಮ್ಮದೇ ಸೀಟು ತಾಯಿ, ಕೂತ್ಕೊಳ್ಳಿ ಎಂದು ಹಿಂದಕ್ಕೆ ಹೋದರು. ಕಂಡಕ್ಟರು ಪ್ರಯಾಣಿಕರ ಸೀಟಿನಲ್ಲಿ ಕೂರಬಾರದೆಂದೂ ಒಂದು ನಿಯಮವಿತ್ತು. ಹತ್ತು ವರ್ಷದಲ್ಲಿ ಮೊದಲ ಸಲ ಅವಳು ಅದನ್ನು ಗಾಳಿಗೆ ತೂರಿ ಕೂತಳು. ಮಗಳು ಬ್ಯಾಗನ್ನು ತನ್ನ ತೊಡೆಗೆ ಎಳೆದುಕೊಂಡು, ಜಾಗ ಸಾಕಾ ಎಂದು ಕೇಳಿದಳು. ಸಾಕು ಎಂದಳು ಅಮ್ಮ.

ದಿನಾ ನಾನೇ ಹೇಳೋದಾಯ್ತು, ಇವತ್ತು ನೀನು ಹೇಳು, ನಿಂಗೆ ಬೆಳಿಗ್ಗೆಯಿಂದ ಏನೇನಾಯ್ತು ಎಂದು ಮಗಳು ಅವಳ ಕಡೆ ತಿರುಗಿ ಕೂತಳು. ಅಮ್ಮ ಟಿಕೆಟ್ ಚೀಲವನ್ನು ಪಕ್ಕಕ್ಕೆ ಸರಿಸಿದಳು. ಅವಳನ್ನು ಯಾರೂ ಹಾಗೆ ಕೇಳಿರಲೇ ಇಲ್ಲ.

"ಬೆಳಿಗ್ಗೆ ಮೊದಲ ಟ್ರಿಪ್ಪಿನಲ್ಲಿ ಒಬ್ಬ ತಾತ ಹತ್ತಿದ್ರು" ಎಂದು ಅವಳು ಶುರು ಮಾಡಿದಳು.