ಅಂಟು ಬಿಡುವಷ್ಟು ಹೊತ್ತು

ಗಲ್ಫಿನ ಅಲ್ ಖೌದ್‌ನ ಆ ಮೊಬೈಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಭೋಜರಾಜ ಕೆಲಸಕ್ಕೆ ಕೂತನೆಂದರೆ ಗಡಿಯಾರ ನೋಡುವ ಕ್ರಮವಿಲ್ಲ. ಬಿಸಿ ಪ್ಲೇಟಿನ ಮೇಲೆ ಫೋನನ್ನು ಮಗುಚಿ ಹಾಕಿ, ತುಟಿ ಅಲುಗದ ಹಾಗೆ ಪದ್ಯ ಶುರುಮಾಡುತ್ತಾನೆ. ಊರಲ್ಲಿ ಅವನ ಅಪ್ಪ ಸಂಜೆ ದೀಪ ಹಚ್ಚಿದ ಮೇಲೆ ಚಾವಡಿಯಲ್ಲಿ ಕೂತು ಹೇಳುತ್ತಿದ್ದ ದೇವರ ಪದ್ಯಗಳು ಅವು. ಅಪ್ಪ ಹೇಳಿದ್ದು, ಮಗ ಕೇಳಿದ್ದು. ಪುಸ್ತಕ ನೋಡಿ ಕಲಿತದ್ದಲ್ಲ. ಸಾವಕಾಶವಾಗಿ ಹೇಳುತ್ತಾ ಹೋದರೆ ಮೂರನೆಯ ಪದ್ಯ ಮುಗಿಯುವ ಹೊತ್ತಿಗೆ ಫೋನಿನ ಅಂಚಿನ ಅಂಟು ಮೆತ್ತಗಾಗಿರುತ್ತದೆ. ಆಮೇಲೆ ರಬ್ಬರಿನ ಸಕ್ಕರ್ ಅಂಟಿಸಿ ಮೆಲ್ಲಗೆ ಎತ್ತಿ, ಸಂದಿಗೆ ತೆಳ್ಳಗಿನ ಪ್ಲಾಸ್ಟಿಕ್ ಚೂರು ತೂರಿಸಿದರೆ ಪರದೆ ಹೇಳಿದ ಮಾತು ಕೇಳುತ್ತದೆ.

ಈ ಲೆಕ್ಕವನ್ನು ಅವನು ಯಾರಿಗೂ ಹೇಳಿಕೊಟ್ಟವನಲ್ಲ. ಹೇಳಿದರೆ ನಕ್ಕಾರು ಎಂಬ ಸಂಕೋಚ ಒಂದು. ಅಪ್ಪ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದುದನ್ನು ತಾನು ಅಂಟು ಕರಗಿಸಲು ಹೇಳುತ್ತಿದ್ದೇನಲ್ಲ ಎಂಬ ಅಳುಕು ಇನ್ನೊಂದು. ಕೈಯಲ್ಲಿ ಕೆಲಸ ಇರುವಾಗ ಬಾಯಲ್ಲಿ ದೇವರಿದ್ದರೆ ತಪ್ಪೇನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಇಷ್ಟು ವರ್ಷ ಕಳೆದಿದ್ದ. ಹಾಗೆ ಬಿಚ್ಚಿದ ಫೋನು ಕೆಟ್ಟದ್ದೂ ಇಲ್ಲ.

ಆ ಮಂಗಳವಾರ ಸಫೀನಾ ಹೊಸ ಫೋನು ತಂದಳು. ಉಳ್ಳಾಲದ ಕಡೆಯ ಹುಡುಗಿ. ಸೀಬ್‌ನಲ್ಲಿ, ಮಾಮಿ ಎಂದು ಕರೆಯುವ ಅತ್ತೆ ಖದೀಜಮ್ಮನ ಜೊತೆ ಇದ್ದಾಳೆ. ಮೊಬೈಲು ತರಿಸಿ ಅಂಗಡಿಗಳಿಗೆ ಹಂಚುವ ಒಂದು ಸಣ್ಣ ಕಂಪೆನಿಯಲ್ಲಿ ಆರು ತಿಂಗಳಿನಿಂದ ಕೆಲಸ. ಈ ಮಾಡೆಲ್ ಮಾರಿಹೋದರೆ ಅವಳ ಕೆಲಸ ಕಾಯಂ, ಹೋಗದಿದ್ದರೆ ವೀಸಾ ಮುಂದುವರಿಯುವುದಿಲ್ಲ. ಅದನ್ನು ಅವಳೇ ಭೋಜರಾಜನಿಗೆ ಹೇಳಿದ್ದಳು, ಅಂಗಲಾಚಿ ಅಲ್ಲ, ಹವೆಯ ವಿಷಯ ಹೇಳಿದ ಹಾಗೆ.

"ನೀರಿಗೆ ಬಿದ್ದರೂ ಎಂತ ಆಗುದಿಲ್ಲ ಅಣ್ಣ ಇದಕ್ಕೆ," ಎಂದು ಡಬ್ಬಿ ಮೇಜಿನ ಮೇಲಿಟ್ಟಳು.

"ನೀರು ಒಳಗೆ ಹೋಗದ ಹಾಗೆ ಮಾಡಿದವರು ನನ್ನಂಥವರೂ ಒಳಗೆ ಹೋಗದ ಹಾಗೆ ಮಾಡಿರ್ತಾರೆ," ಎಂದ ಭೋಜರಾಜ. "ಸುತ್ತ ಅಂಟು ಮೆತ್ತಿರ್ತಾರೆ ಮಾರಾಯ್ತಿ. ಬಿಚ್ಚಿ ನೋಡುವ."

ಅಂಗಡಿಯ ಯಜಮಾನ ಹಮದ್‌ನಿಗೆ ಬೇಕಾಗಿದ್ದುದೂ ಅದೇ. ಈ ಫೋನು ತೆಗೆದುಕೊಂಡರೆ ಗಿರಾಕಿಗಳಿಗೆ ಒಂದು ವರ್ಷ ರಿಪೇರಿಯ ಮಾತು ಕೊಡಬೇಕು. ಬಿಚ್ಚಲು ಆಗುತ್ತದೋ, ಬ್ಯಾಟರಿ ಬದಲಿಸಲು ಆಗುತ್ತದೋ, ಮತ್ತೆ ಮುಚ್ಚಿದರೆ ನೀರು ತಡೆಯುತ್ತದೋ, ಇಷ್ಟನ್ನೂ ನೋಡಿ ಭೋಜರಾಜ ಹತ್ತರಲ್ಲಿ ಒಂದು ಅಂಕ ಕೊಡಬೇಕು. ಆ ಅಂಕಕ್ಕೆ ಬೆಲೆಯಿತ್ತು. ಸೀಬ್‌ನ ಸೂಕ್ ಎಂಬ ಪೇಟೆಯಲ್ಲಿ, ಗುಬ್ರಾದಲ್ಲಿ ಅಂಗಡಿ ಇಟ್ಟ ಊರ ಕಡೆಯವರು ಕೂಡ ಯಾವ ಮಾಡೆಲ್ ಬಂದರೂ ಮೊದಲು ಕೇಳುವುದು, "ಭೋಜಣ್ಣ ಎಂತ ಹೇಳಿದ್ರು?"

ಫೋನು ಪ್ಲೇಟಿನ ಮೇಲೆ ಇಟ್ಟು ಮೊದಲನೆಯ ಪದ್ಯ ಎತ್ತಿಕೊಂಡಿದ್ದನಷ್ಟೆ, ಹಮದ್ ಒಳಗೆ ಬಂದ. ಜೊತೆಗೆ ನಿಜ್ವಾದಿಂದ ಬಂದ ಅವನ ಇಬ್ಬರು ನೆಂಟರು, ಕೈಯಲ್ಲಿ ಕಹ್ವಾ ಕಾಫಿಯ ಪುಟ್ಟ ಬಟ್ಟಲುಗಳು.

"ನೋಡಿ, ಇವನೇ ನಮ್ಮ ಭೋಜ್," ಎಂದ ಹಮದ್ ತನ್ನ ಅಂಗಡಿ ಹಿಂದಿಯಲ್ಲಿ. "ಬೇರೆಯವರು ಅರ್ಧ ದಿನ ತೆಗೆದುಕೊಳ್ಳುವುದನ್ನು ಇವನು ಒಂದು ಬಟ್ಟಲು ಕಹ್ವಾ ಮುಗಿಯುವುದರೊಳಗೆ ಬಿಚ್ಚುತ್ತಾನೆ. ಯಲ್ಲಾ ಭೋಜ್, ತೋರಿಸು."

ನೆಂಟರು ಬಗ್ಗಿ ನೋಡಿದರು. ಭೋಜರಾಜನ ಬೆನ್ನು ತಾನಾಗಿ ನೆಟ್ಟಗಾಯಿತು. ಎರಡನೆಯ ಪದ್ಯ ಓಡತೊಡಗಿತು. ಅಪ್ಪ ಉಸಿರು ಎಳೆದು ನಿಲ್ಲುತ್ತಿದ್ದ ಜಾಗದಲ್ಲಿ ನಿಲ್ಲಲಿಲ್ಲ. ಮೂರನೆಯದರ ಅರ್ಧ ನಾಲಗೆಯ ಮೇಲೆ ಬಂತು, ಉಳಿದರ್ಧ ಗಂಟಲಲ್ಲೇ ಇಳಿದುಹೋಯಿತು. ಬಟ್ಟಲು ಖಾಲಿಯಾಗುತ್ತಿದೆ ಎಂಬುದೊಂದೇ ಅವನ ಕಣ್ಣಿನಲ್ಲಿತ್ತು. ಸಕ್ಕರ್ ಅಂಟಿಸಿದ, ಎಳೆದ. ಪರದೆ ಏಳಲಿಲ್ಲ. ಅಂಟು ಇನ್ನೂ ಗಟ್ಟಿ ಇದೆ ಎಂದು ಬೆರಳು ಹೇಳಿತು. ಬೆರಳಿನ ಮಾತನ್ನು ಅವನು ಕೇಳಲಿಲ್ಲ. ಪ್ಲಾಸ್ಟಿಕ್ ಚೂರನ್ನು ಎಡ ಅಂಚಿಗೆ ಒತ್ತಿ ತಳ್ಳಿದ.

ಇರುವೆ ಕಚ್ಚಿದಷ್ಟು ಸಣ್ಣ ಸದ್ದು. ಬೇರೆ ಯಾರಿಗೂ ಕೇಳಲಿಲ್ಲ.

ಪರದೆ ಎದ್ದಿತು. ಅದರ ಕೆಳಗೆ ಎಡಗಡೆ, ಪರದೆಗೆ ಜೀವ ಕೊಡುವ ಕಾಗದದಂಥ ಕೇಬಲ್ ಅಡ್ಡಲಾಗಿ ಹರಿದಿತ್ತು.

"ಏನಾಯಿತು?" ಎಂದ ಹಮದ್.

"ಕೇಬಲ್ ಇಟ್ಟ ಜಾಗವೇ ಸರಿ ಇಲ್ಲ ಸಾಬ್," ಎಂದ ಭೋಜರಾಜ. ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಮೊದಲೇ ಬಾಯಿಪಾಠ ಮಾಡಿಟ್ಟ ಹಾಗೆ. "ಅಂಚಿಗೆ ತಾಗಿಸಿ ಇಟ್ಟಿದ್ದಾರೆ. ಯಾರು ಬಿಚ್ಚಿದರೂ ಹರಿಯುತ್ತದೆ. ಬ್ಯಾಟರಿ ಬದಲಿಸಲು ಬಂದವನ ತಲೆಗೆ ಪರದೆಯ ಖರ್ಚೂ ಬೀಳುತ್ತದೆ."

ಸುಳ್ಳು ಎಂದು ಯಾರೂ ಹೇಳುವ ಹಾಗಿರಲಿಲ್ಲ. ಕೇಬಲ್ ಎಡಗಡೆಗೇ ಇತ್ತು. ಅಂಚಿಗೂ ಅದಕ್ಕೂ ನಡುವೆ ಒಂದು ಅಕ್ಕಿಕಾಳು ಮಲಗುವಷ್ಟು ಜಾಗವಿತ್ತು, ಅಷ್ಟೆ. ಸಾವಕಾಶದ ಕೈಗೆ ಅದು ಬೇಕಾದಷ್ಟಾಯಿತು.

"ಹತ್ತರಲ್ಲಿ ಎಷ್ಟು?"

"ಎರಡು."

"ಖಲಾಸ್," ಎಂದು ಹಮದ್ ಬಟ್ಟಲು ಅಲ್ಲಾಡಿಸಿ ಮೇಜಿನ ಮೇಲಿಟ್ಟ. ನೆಂಟರಲ್ಲೊಬ್ಬ ಭೋಜರಾಜನ ಭುಜ ತಟ್ಟಿದ.

ಸಫೀನಾ ಏನೂ ವಾದಿಸಲಿಲ್ಲ. "ಸರಿ ಅಣ್ಣ," ಎಂದಳು. ಸತ್ತ ಫೋನಿನ ಎರಡು ಹೋಳುಗಳನ್ನು ಡಬ್ಬಿಯಲ್ಲಿ ಜೋಡಿಸಿ, ಮುಚ್ಚಳ ಸರಿಯಾಗಿ ಕೂರುವ ತನಕ ಒತ್ತಿ, ತೆಗೆದುಕೊಂಡು ಹೋದಳು.

ಗುಬ್ರಾದ ಮನೆಯಲ್ಲಿ ಆ ಸಂಜೆ ಭೋಜರಾಜ ಎಂದಿನಂತೆ ಕೈಕಾಲು ತೊಳೆದು ದೇವರ ಮುಂದೆ ಕೂತ. ಮೊದಲೆರಡು ಪದ್ಯ ಆಯಿತು. ಮೂರನೆಯದರಲ್ಲಿ, ಬೆಳಿಗ್ಗೆ ನುಂಗಿದ ಜಾಗಕ್ಕೆ ಬಂದಾಗ ಸ್ವರ ನಿಂತಿತು. ಮತ್ತೆ ಹಿಂದಿನಿಂದ ಹಿಡಿದುಕೊಂಡು ಬಂದ. ಮತ್ತೆ ಅಲ್ಲೇ ನಿಂತಿತು.

ಹೆಂಡತಿ ವಿನೋದಾ ಅಡುಗೆಮನೆಯಿಂದ ಮುಂದಿನ ಶಬ್ದವನ್ನು ಎತ್ತಿಕೊಟ್ಟಳು. ಅವನು ಅದನ್ನು ಹಿಡಿಯದೆ ಎದ್ದ.

"ಎಂತ ಇವತ್ತು? ಮರೆತೇ ಹೋಯ್ತಾ?"

"ಗಂಟಲು ಸರಿ ಇಲ್ಲ."

"ಎಸಿ ಗಾಳಿ ಬೆನ್ನಿಗೆ ಬಿಟ್ಕೊಂಡು ಕೂತರೆ ಗಂಟಲು ಎಲ್ಲಿ ಸರಿ ಇರ್ತದೆ? ಕಷಾಯ ಮಾಡ್ತೇನೆ," ಎಂದಳು. ಮಾಡಿದಳು. ಕರಿಮೆಣಸಿನ ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಕುಡಿದು ಮುಗಿಸುವ ತನಕ ಅವಳು ಎದುರೇ ನಿಂತಿದ್ದಳು. ಇಲ್ಲದ ಕಾಯಿಲೆಗೆ ಮದ್ದು ಕುಡಿಯುವುದೂ ಒಂದು ಸುಳ್ಳೇ ಎಂದು ಅವನಿಗೆ ಅನ್ನಿಸಿತು.

ಮುಂದಿನ ವಾರ ಸಫೀನಾ ಮತ್ತೆ ಬಂದಳು. ಬಯ್ಯಲು ಬಂದಳೆಂದುಕೊಂಡ. ಬಯ್ದಿದ್ದರೆ ಒಳ್ಳೆಯದಿತ್ತು. ಅವಳು ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ಅವನ ಮುಂದಿಟ್ಟಳು.

"ಮಾಮಿ ಕೊಟ್ಟದ್ದು, ನೈಪತ್ತಿರ್. ಭೋಜಣ್ಣನಿಗೆ ಕೊಡು ಅಂದ್ರು."

"ಎಂತಕ್ಕೆ?"

"ನೀವು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ರಲ್ಲ, ಅದಕ್ಕೆ." ಅವಳು ಸ್ಟೂಲು ಎಳೆದುಕೊಂಡು ಕೂತಳು. "ನಮ್ಮ ಮ್ಯಾನೇಜರ್ ಹೇಳಿದ್ರು, ಹಮದ್ ತಗೊಳ್ಳದಿದ್ರೆ ಬೇಡ, ಸಣ್ಣ ಅಂಗಡಿಯವರಿಗೆ ದಾಟಿಸಿಬಿಡು, ಅವರಿಗೆ ಬಿಚ್ಚಿ ನೋಡ್ಲಿಕ್ಕೆ ಎಲ್ಲಿ ಗೊತ್ತು ಅಂತ. ನನಗೆ ಮನಸ್ಸು ಬರ್ಲಿಲ್ಲ ಅಣ್ಣ. ಸೂಕ್‌ನಲ್ಲಿ ಅಂಗಡಿ ಇಟ್ಟ ತೌಸೀಫ್ ಆರ್ಡರ್ ಕೊಟ್ಟಾಗಿತ್ತು. ಇನ್ನೂ ಕೆಲವರು ಕೊಟ್ಟಿದ್ರು. ನಾನೇ ಎಲ್ಲರಿಗೂ ಫೋನ್ ಮಾಡಿ ಬೇಡ ಅಂದೆ. ಭೋಜಣ್ಣ ಬಿಚ್ಚಿ ನೋಡಿದ್ದಾರೆ, ಆಗುದಿಲ್ಲ ಅಂದಿದ್ದಾರೆ ಅಂದೆ. ಯಾರೂ ಎರಡನೇ ಮಾತು ಆಡ್ಲಿಲ್ಲ."

"ಮತ್ತೆ ನಿನ್ನ ಕೆಲಸ?"

"ಅದು ಹೋದ ಹಾಗೆ. ತಿಂಗಳ ಕೊನೆಗೆ ಬರುದು ಬೇಡ ಅಂದಿದ್ದಾರೆ." ಅವಳು ದುಪ್ಪಟ್ಟಾದ ಅಂಚು ಸರಿಮಾಡಿಕೊಂಡಳು. "ಇರ್ಲಿ. ಸುಳ್ಳು ಹೇಳಿ ಮಾರಿ ಅನ್ನ ಉಂಡರೆ ಅದು ಹೊಟ್ಟೆಯಲ್ಲಿ ನಿಲ್ಲುದುಂಟಾ?"

ಭೋಜರಾಜ ಸ್ಟೀಲಿನ ಡಬ್ಬಿಯನ್ನು ನೋಡಿದ. ಕರಿದ ಅಕ್ಕಿರೊಟ್ಟಿಯ ತೆಂಗಿನಕಾಯಿ, ಈರುಳ್ಳಿ, ತುಪ್ಪದ ವಾಸನೆ ಮುಚ್ಚಳ ದಾಟಿ ಬರುತ್ತಿತ್ತು. ಅವನು ಆಡಿದ ಒಂದು ಮಾತನ್ನು ಈ ಹುಡುಗಿ ಅಂಗಡಿ ಅಂಗಡಿಗೆ ಹೊತ್ತುಕೊಂಡು ಹೋಗಿದ್ದಳು, ಮೇಲಿಂದ ತನ್ನ ಅನ್ನವನ್ನೂ ಪಣಕ್ಕಿಟ್ಟು. ಆಗಲೇ ಹೇಳಿಬಿಡಬಹುದಿತ್ತು. ಅದರ ಬದಲು,

"ಇನ್ನೊಂದು ಪೀಸ್ ಉಂಟಾ?" ಎಂದ.

"ತೋರಿಸ್ಲಿಕ್ಕೆ ಕೊಟ್ಟದ್ದು ಉಂಟು, ವಾಪಸ್ ಕೊಡ್ಬೇಕು." ಅವಳು ನಕ್ಕಳು. "ಎಂತಕ್ಕೆ, ಅದನ್ನೂ ಹರಿದು ಹಾಕ್ಲಿಕ್ಕಾ?"

"ಕೊಡು. ಕೆಟ್ಟರೆ ನನ್ನ ಸಂಬಳದಲ್ಲಿ ಹಿಡೀಲಿ."

ಫೋನನ್ನು ಪ್ಲೇಟಿನ ಮೇಲೆ ಮಗುಚಿ ಹಾಕಿದ. ಅಭ್ಯಾಸದ ಬಲಕ್ಕೆ ಪದ್ಯ ತುಟಿಯ ತನಕ ಬಂತು. ಅವನು ತುಟಿ ಕಚ್ಚಿ ಅದನ್ನು ಅಲ್ಲೇ ತಡೆದ. ಹೇಳುವ ಯೋಗ್ಯತೆ ಇವತ್ತು ತನಗಿಲ್ಲ. ತನ್ನ ಮೊಬೈಲಿನಲ್ಲಿ ಟೈಮರ್ ಇಟ್ಟು, ಎಲ್ಲರ ಹಾಗೆ, ಅಂಕೆಗಳು ಇಳಿಯುವುದನ್ನು ನೋಡುತ್ತಾ ಕೂತ. ಅಷ್ಟು ಹೊತ್ತು ಸುಮ್ಮನೆ ಕೂರುವುದು ಎಷ್ಟು ಕಷ್ಟ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಟೈಮರ್ ಹೊಡೆದ ಮೇಲೂ ಸ್ವಲ್ಪ ಕಾದ. ಸಕ್ಕರ್ ಅಂಟಿಸಿ ಎತ್ತಿದ. ಅಂಟು ಜೇನಿನ ಹಾಗೆ ನೂಲು ನೂಲಾಗಿ ಬಿಟ್ಟಿತು. ಚೂರನ್ನು ಮೇಲಿನ ಅಂಚಿನಿಂದ ತಂದ, ಎಡಗಡೆ ಬಂದಾಗ ತುದಿಯಷ್ಟೇ ಒಳಗೆ ಹೋಗುವ ಹಾಗೆ ಹಿಡಿದ. ಪರದೆ ಪುಸ್ತಕದ ರಟ್ಟಿನಂತೆ ತೆರೆದುಕೊಂಡಿತು. ಕೇಬಲ್ ಇಡಿಯಾಗಿತ್ತು. ಮೇಲಿನ ಬೆಳಕು ಅದರ ಮೇಲೆ ಮಿನುಗಿತು.

ಹಮದ್ ಬಾಗಿಲಲ್ಲಿ ನಿಂತು ಇಣುಕಿದ. "ಮಾಶಾ ಅಲ್ಲಾ. ಕೈ ಅಂದರೆ ಭೋಜ್‌ನ ಕೈ."

ಸಫೀನಾ ಕೇಬಲನ್ನು ನೋಡುತ್ತಿದ್ದಳು.

"ಇದು ಹರಿಯಲಿಲ್ಲ," ಎಂದಳು.

"ಇಲ್ಲ."

"ಅವತ್ತು?"

"ಅವತ್ತು ಬಿಸಿ ಸಾಲಲಿಲ್ಲ. ನಾನು ಕಾಯಲಿಲ್ಲ." ಅವನು ತಲೆ ಎತ್ತಲಿಲ್ಲ. "ಅವರೆಲ್ಲ ನೋಡ್ತಾ ನಿಂತಿದ್ರು. ಕೈ ತಪ್ಪಿತು. ತಪ್ಪನ್ನು ಫೋನಿನ ಮೇಲೆ ಹಾಕಿದೆ."

ಅದನ್ನೇ ಹಮದ್‌ನಿಗೆ ಹಿಂದಿಯಲ್ಲಿ ಮತ್ತೊಮ್ಮೆ ಹೇಳಬೇಕಾಯಿತು. ಎರಡನೇ ಸಲ ಹೇಳುವಾಗ ಇನ್ನೂ ಚಿಕ್ಕದಾಗಿ, ಇನ್ನೂ ಕೊಳಕಾಗಿ ಕೇಳಿಸಿತು. ಹಮದ್ ಕೋಪ ಮಾಡಿಕೊಳ್ಳಲಿಲ್ಲ.

"ಈಗ ಎಷ್ಟು ಕೊಡುತ್ತೀ?"

"ಏಳು ಸಾಬ್. ಬ್ಯಾಟರಿ ಬದಲಿಸಬಹುದು. ಹೊಸ ಅಂಟು ಹಾಕಿ ಮುಚ್ಚಿದರೆ ನೀರು ತಡೆಯುತ್ತದೆ."

"ಹೋದ ವಾರ ಎರಡು, ಈ ವಾರ ಏಳು." ಹಮದ್ ನಕ್ಕ. "ಮುಂದಿನ ವಾರ ಬಂದರೆ ಹತ್ತಾಗಬಹುದು. ಹಾಗಾದರೆ ಕಾಯುತ್ತೇನೆ." ಅಷ್ಟು ಹೇಳಿ ಅಂಗಡಿಯ ಮುಂಭಾಗಕ್ಕೆ ಹೋದ. ತೆಗೆದುಕೊಳ್ಳುತ್ತೇನೆ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಭೋಜರಾಜನ ಅಂಕಕ್ಕೆ ಇನ್ನು ಅಂಗಡಿಯಲ್ಲಿ ಅಷ್ಟೇ ಬೆಲೆ.

ಸಫೀನಾ ಹೇಳಿದಳು, "ನಾನು ಎಲ್ಲರಿಗೂ ನಿಮ್ಮ ಹೆಸರು ಹೇಳಿದ್ದೆ."

ಅಣ್ಣ ಎನ್ನಲಿಲ್ಲ.

"ಗೊತ್ತು."

"ಈಗ ನಾನು ಫೋನ್ ಮಾಡಿ ಒಳ್ಳೇದುಂಟು ತಗೊಳ್ಳಿ ಅಂದರೆ, ಕೆಲಸ ಉಳಿಸ್ಲಿಕ್ಕೆ ನಾಟಕ ಮಾಡ್ತಾಳೆ ಅಂತಾರೆ."

"ನಾನೇ ಹೇಳ್ತೇನೆ. ಬರೆದು ಕಳಿಸ್ಲಾ?"

"ಬರೆದದ್ದು ಯಾರು ಓದ್ತಾರೆ? ವಾಯ್ಸ್ ಹಾಕಿ. ನಿಮ್ಮ ಸ್ವರ ಎಲ್ಲರಿಗೂ ಗೊತ್ತುಂಟು." ಅವಳು ತನ್ನ ಮೊಬೈಲಿನಲ್ಲಿ ಅಂಗಡಿಯವರ ವಾಟ್ಸಾಪ್ ಗುಂಪು ತೆರೆದು ಅವನ ಕೈಗೆ ಕೊಟ್ಟಳು.

ಮೊದಲ ಸಲ ಹೇಳಿದ್ದನ್ನು ತಾನೇ ಕೇಳಿ ನೋಡಿದ. ಮಾತಿಗೆ ಏರಿಳಿತ ಬಂದಿತ್ತು, ನಿಲ್ಲುವಲ್ಲಿ ನಿಂತು, ಎಳೆಯುವಲ್ಲಿ ಎಳೆದು, ತಪ್ಪೊಪ್ಪಿಗೆ ಕೂಡ ಜನ ಮೆಚ್ಚುವ ಹಾಗೆ. ಅಳಿಸಿದ. ಎರಡನೆಯದರಲ್ಲಿ 'ಅಕಸ್ಮಾತ್' ಎಂಬ ಶಬ್ದ ನುಸುಳಿತ್ತು. ಅದನ್ನೂ ಅಳಿಸಿದ. ಮೂರನೆಯದು ಒರಟಾಗಿ ಬಂತು.

"ನಾನು ಭೋಜರಾಜ. ಆ ಹೊಸ ಫೋನು ಆಗುದಿಲ್ಲ ಅಂತ ಸಫೀನಾ ನಿಮಗೆ ಹೇಳಿದ್ದು ನಾನು ಹೇಳಿದ್ದಕ್ಕೆ. ನಾನು ಹೇಳಿದ್ದು ಸುಳ್ಳು. ಅದರ ಕೇಬಲ್ ಹರಿದದ್ದು ನಾನು. ಫೋನು ಸರಿ ಉಂಟು. ಅವಳದ್ದು ಏನೂ ತಪ್ಪಿಲ್ಲ."

ಬೆರಳು ಬಿಟ್ಟ. ಹೋಯಿತು.

ಒಬ್ಬೊಬ್ಬರೇ ಕೇಳಿದ ಗುರುತು ಬಿದ್ದಿತು. ಗುಬ್ರಾದ ಲತೇಶ್, "ಆಗ್ತದೆ ಬಿಡಿ ಭೋಜಣ್ಣ, ಮನುಷ್ಯರಲ್ವಾ," ಎಂದು ಬರೆದ. ಅದನ್ನು ಓದಿ ಭೋಜರಾಜನ ಉಸಿರು ಸ್ವಲ್ಪ ಸಡಿಲವಾಯಿತು. ಅಷ್ಟರಲ್ಲಿ ತೌಸೀಫನ ದನಿ ಬಂತು. ಸೂಕ್‌ನ ಗದ್ದಲದ ನಡುವೆ, ಕೋಪವಿಲ್ಲದೆ, ನಿಜವಾಗಿಯೂ ತಿಳಿಯಲು ಕೇಳುವವನ ದನಿ.

"ಆರ್ಡರ್ ಮತ್ತೆ ಹಾಕ್ತೇನೆ ಸಫೀನಾ, ಅದು ಇರ್ಲಿ. ಭೋಜಣ್ಣ, ಒಂದು ಕೇಳುದು. ಹೋದ ವರ್ಷ ನಾನು ಉಮ್ಮನ ಮೊಬೈಲ್ ತಂದಿದ್ದೆ ನಿಮ್ಮ ಹತ್ರ. ಬಿಚ್ಚಿ ನೋಡಿ, ಆಗುದಿಲ್ಲ, ಬಿಸಾಡು ಅಂದ್ರಿ. ಬಿಸಾಡಿದೆ. ಅದು ನಿಜವಾಗಿ ಆಗುದಿಲ್ಲವಾಗಿತ್ತಾ?"

ಸಫೀನಾ ಅವನ ಮುಖ ನೋಡಿದಳು.

ಭೋಜರಾಜ ನೆನಪು ಮಾಡಿಕೊಳ್ಳಲು ನೋಡಿದ. ಹೋದ ವರ್ಷ, ತೌಸೀಫ್, ಅವನ ತಾಯಿಯ ಮೊಬೈಲು. ಎಷ್ಟೋ ಮೊಬೈಲುಗಳು, ಎಷ್ಟೋ ಸಲ 'ಆಗುದಿಲ್ಲ.' ಯಾವುದನ್ನು ಬಿಚ್ಚುವಾಗ ಯಾರು ಎದುರು ನಿಂತಿದ್ದರು, ಯಾವುದಕ್ಕೆ ಪೂರ್ತಿ ಕಾದಿದ್ದ, ಯಾವುದರಲ್ಲಿ ಮನೆಗೆ ಹೋಗುವ ಅವಸರವಿತ್ತು? ಆ ಮೊಬೈಲು ನಿಜವಾಗಿ ಸತ್ತೇ ಇದ್ದಿರಬಹುದು. ಇದ್ದಿರಬಹುದು. ಸಾಯದೆಯೂ ಇದ್ದಿರಬಹುದು.

"ಎಂತ ಹೇಳ್ಲಿ ಅವನಿಗೆ?" ಎಂದು ಸಫೀನಾ ಕೇಳಿದಳು.

"ಗೊತ್ತಿಲ್ಲ ಅಂತ ಹೇಳು," ಎಂದ ಭೋಜರಾಜ. "ಇಲ್ಲ, ಕೊಡು. ನಾನೇ ಹೇಳ್ತೇನೆ."