ಸುಮ್ಮನಿಟ್ಟ ಕೈ

ಸ್ಫಾಕ್ಸ್ ಊರಿನ ಮೆದುಳು ಸಂಶೋಧನಾ ಕೇಂದ್ರದಲ್ಲಿ ಯುಸ್ರಾಳ ಕೆಲಸ ಒಂದು ಅಂಕಿಯ ಮೇಲೆ ನಿಂತಿತ್ತು. ಇಂಟರ್ನೆಟ್ಟಿನಲ್ಲಿ ಅವಳ ಪ್ರಬಂಧದ ಪಕ್ಕ ಒಂದು ಬಣ್ಣದ ಬಳೆ, ಅದರೊಳಗೆ ಅಂಕಿ. ಪತ್ರಿಕೆ, ಟಿವಿ, ಫೇಸ್‌ಬುಕ್ಕು, ಎಲ್ಲೇ ಆಗಲಿ ಯಾರಾದರೂ ಪ್ರಬಂಧದ ಸುದ್ದಿ ಎತ್ತಿದರೆ ಅದು ಏರುತ್ತದೆ. ಹೊಗಳಿದರೋ ಉಗಿದರೋ ಅದಕ್ಕೆ ಬೇಕಿಲ್ಲ. ನೂರು ದಾಟಿದವರಿಗೆ ಮಾತ್ರ ಮುಂದಿನ ವರ್ಷ ಕುರ್ಚಿ ಎಂದು ಕೇಂದ್ರದವರು ಹೇಳಿಬಿಟ್ಟಿದ್ದರು. ಯುಸ್ರಾಳದು ಏಳರಲ್ಲಿ ಕೂತು ತೂಕಡಿಸುತ್ತಿತ್ತು.

ಪ್ರಬಂಧವೇನೋ ಒಳ್ಳೆಯದೇ. ಬೆರಳಿಗೆ ಹೊಸ ಕೆಲಸ ಕಲಿಸುವಾಗ ನಡುನಡುವೆ ಕೆಲವು ಕ್ಷಣ ಬಿಡುವು ಕೊಟ್ಟರೆ, ಆ ಬಿಡುವಿನಲ್ಲೇ ಮೆದುಳು ಪಾಠವನ್ನು ಮೆಲುಕು ಹಾಕುತ್ತದೆ ಎಂದು ಗಟ್ಟಿಮುಟ್ಟಾದ ಹುಡುಗ ಹುಡುಗಿಯರನ್ನು ಕೂರಿಸಿ ತೋರಿಸಿದ್ದಳು. ವರ್ಷಗಟ್ಟಲೆ ದುಡಿದದ್ದು. ಯಾರಿಗೆ ಬೇಕು?

"ಹಿಂಗೆ ಬರೆದ್ರೆ ನಾಯಿನೂ ಮೂಸಲ್ಲ ಮಗಳೇ," ಎಂದರು ಮುಖ್ಯಸ್ಥ ಮುನ್ಸಿಫ್ ಸಾಹೇಬರು, ಅಲ್ಲಿನವರ ಬಾಯಲ್ಲಿ 'ಸಿ ಮುನ್ಸಿಫ್', ಪತ್ರಿಕೆಗಳಿಗೆ ಕಳಿಸಬೇಕಿದ್ದ ಹೇಳಿಕೆ ಓದಿ. "ಸ್ವಲ್ಪ ಹರೀಸಾ ಚಟ್ನಿ ಸವರು, ಖಾರ ಹತ್ತಲಿ."

"ಸುಳ್ಳಾಗಲ್ವಾ, ಸಿ ಮುನ್ಸಿಫ್?"

"ತಲೆಬರಹ ಯಾವತ್ತಾದ್ರೂ ನಿಜ ಹೇಳಿದ್ದುಂಟಾ? ಒಳಗೆ ನಿಜ ಇದೆಯಲ್ಲ, ಸಾಕು."

ಅವಳು ಬರೆದಳು: 'ಕೈಗೆ ವಿಶ್ರಾಂತಿ ಕೊಡಿ, ಅದು ತಾನೇ ಕಲಿಯುತ್ತದೆ.' ಕೆಲವೇ ಕ್ಷಣ ಎಂಬ ಮಾತು ಬಿಟ್ಟುಹೋಯಿತು. ಬಿಟ್ಟುಹೋಯಿತೇನು, ಅವಳೇ ಬಿಟ್ಟಳು.

ರಂಜಾನಿನಲ್ಲಿ ಟಿವಿಯ ಆರೋಗ್ಯ ಕಾರ್ಯಕ್ರಮದ ಹೆಂಗಸೊಬ್ಬಳು ಆ ಸಾಲು ಓದಿ, ಲಕ್ವ ಹೊಡೆದವರಿಗೆ ಸಿಹಿಸುದ್ದಿ ಎಂದು ತನ್ನದೂ ಒಂದು ಸೇರಿಸಿದಳು. ಮಾರನೆ ದಿನ ಬಳೆಯೊಳಗಿನ ಅಂಕಿ ನೂರು ದಾಟಿತ್ತು. ಉಪವಾಸ ಬಿಡುವ ಹೊತ್ತಿಗೆ ಸಿ ಮುನ್ಸಿಫ್ ಅವಳ ಮನೆಗೇ ಬಕ್ಲಾವಾ ಮಿಠಾಯಿ ಕಳಿಸಿದರು. ಅದು ಖಾಲಿಯಾಗುವಷ್ಟರಲ್ಲಿ ದೇಶದ ವೈದ್ಯರೆಲ್ಲ ಫೇಸ್‌ಬುಕ್ಕಿಗೆ ಬಂದು ಉಗಿಯತೊಡಗಿದ್ದರು. ರೋಗಿಗಳ ವ್ಯಾಯಾಮ ನಿಲ್ಲಿಸಿದ ಮಹಾತಾಯಿ ಯಾರಪ್ಪಾ ಎಂದು ಒಬ್ಬ ಬರೆದ. ಯುಸ್ರಾ ನಾಚಿಕೆಯಿಂದ ಹಿಡಿಯಷ್ಟಾದಳು.

"ತಪ್ಪಾಯ್ತು ಅಂತ ಹಾಕ್ತೀನಿ," ಎಂದಳು.

"ಹಾಕು ಹಾಕು. ತಿದ್ದುಪಡಿನೂ ಲೆಕ್ಕಕ್ಕೆ ಬರುತ್ತೆ," ಎಂದರು ಸಿ ಮುನ್ಸಿಫ್.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಹಾಕಿದಳು. ಉಗಿದವರೆಲ್ಲ ಅದನ್ನೂ ಹಂಚಿ ನಕ್ಕರು. ಅಂಕಿ ಮುನ್ನೂರಾಯಿತು, ಕುರ್ಚಿ ಉಳಿಯಿತು. ಅಂಕಿ ಇಷ್ಟು ಏರಿದೆ ಎಂದರೆ ಮಾತು ಎಲ್ಲರಿಗೂ ಮುಟ್ಟಿದೆ ಎಂದೇ ಅವಳು ನಂಬಿದಳು. ಅಂಕಿ ನೋಡಿ ಬದುಕುವವರಿಗೆ ಬೇರೆ ನಂಬಿಕೆ ಎಲ್ಲಿಂದ ಬರಬೇಕು?

ಬೇಸಿಗೆಯಲ್ಲಿ ಗಾಬೆಸ್ ಊರಿನಿಂದ ಕೇಂದ್ರಕ್ಕೆ ಅವಳನ್ನು ಕೇಳಿಕೊಂಡು ಒಂದು ಫೋನ್ ಬಂತು.

"ಡಾಕ್ಟರಮ್ಮ, ನಾನು ಲಮ್ಜದ್ ಅಂತ. ಅಲ್ಲಾಹ್ ನಿಮ್ಮನ್ನ ಚೆನ್ನಾಗಿಟ್ಟಿರ್ಲಿ. ನಮ್ಮನೆಯವಳಿಗೆ ಲಕ್ವ ಹೊಡೆದಿತ್ತು. ಕೈ ವ್ಯಾಯಾಮ ಮಾಡ್ಸೋಕೆ ಹೋದ್ರೆ ಅಳೋಳು. ನಿಮ್ಮ ಮಾತು ಟಿವಿಲಿ ಕೇಳಿದ ಮೇಲೆ ಬಿಟ್ಬಿಟ್ವಿ. ಈಗ ಅಳು ನಿಂತಿದೆ."

ಯುಸ್ರಾ ಕೇಳಿದಳು, "ಕೈ ಹೇಗಿದೆ?"

"ಮುಷ್ಟಿ ಬಿಗಿದುಹೋಗಿದೆ. ಉಗುರು ಅಂಗೈಗೆ ಚುಚ್ಚಿ ರಕ್ತ ಬರುತ್ತೆ, ಅದಕ್ಕೇ ಬಟ್ಟೆ ತುರುಕಿದೀನಿ. ಇನ್ನೆಷ್ಟು ದಿನ ಸುಮ್ಮನಿಡಬೇಕು, ಕೇಳೋಣ ಅಂತ."

"ತಪ್ಪಾಯ್ತು ಅಂತ ಆಗಲೇ ಬರೆದಿದ್ದೆನಲ್ಲ. ಎಲ್ಲರೂ ಓದಿದ್ರು."

"ಏನು ತಪ್ಪು?"

ಅವಳು ಒಂದೂ ಬಿಡದೆ ಹೇಳಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು, ಅವನು ಬೈಯಲಿಲ್ಲ.

"ಅವಳು ಪಕ್ಕದಲ್ಲೇ ಕೂತಿದಾಳೆ ಡಾಕ್ಟರಮ್ಮ," ಎಂದ. "ನಿಮ್ಮ ಹತ್ರ ಮಾತಾಡ್ಬೇಕು ಅಂತ ಬೆಳಗಿಂದ ಕಾಯ್ತಿದ್ಲು. ಫೋನು ಕೊಡ್ತೀನಿ, ನೀವೇ ಹೇಳಿ."