ತಾಲೀಮು ಮಾಡಿದ ಪಾಠ

ಜಾಜ್ಗುಲ್ ಒಂದೂವರೆ ವರ್ಷ ನನ್ನ ತರಗತಿಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಬೆಳಗ್ಗೆ ಅಮ್ಮನ ಜೊತೆ ಬಜಾರಿನಲ್ಲಿ ಉಣ್ಣೆಯ ಕಾಲುಚೀಲ ಮಾರಿ, ಅದೇ ಕೋಟಿನಲ್ಲಿ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಮಾತಾಡಿದರೆ ತೊದಲುತ್ತಿದ್ದಳು. ನನಗೂ ನಾಲ್ಕು ಜನರ ಮುಂದೆ ಗಂಟಲು ಕಟ್ಟುತ್ತದೆ. ಹಾಗಾಗಿ ನಾನು ಅವಳನ್ನು ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳಲಿಲ್ಲ.

ನಾನು ಕಾರಾಕೋಲ್‌ನಲ್ಲಿ ವಿಶ್ವವಿದ್ಯಾಲಯದ ಗಂಟೆ ಲೆಕ್ಕದ ಉಪಾಧ್ಯಾಯಿನಿ, ಪಾಠ ಮಾಡಿದ ಗಂಟೆಗಷ್ಟೇ ಸಂಬಳ. ಭೂಗೋಳ ವಿಭಾಗದಲ್ಲಿ ವಾರಕ್ಕೆ ಆರು ಗಂಟೆ ನದಿ, ನೀರು, ಹಿಮನದಿಯ ಪಾಠ ಹೇಳುತ್ತೇನೆ. ವಿಭಾಗದ ಕೋಣೆಯಲ್ಲಿ ನನಗೆ ಕುರ್ಚಿಯಿಲ್ಲ, ಕೋಟನ್ನು ಕಿಟಕಿಯ ಕಟ್ಟೆಯ ಮೇಲೆ ಇಡುತ್ತೇನೆ. ಬೋರ್ಡಿನ ಮೇಲೆ ಬರೆಯುವ ಪೆನ್ನೂ ನನ್ನದೇ. ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತು ಹೆಸರುಗಳಿವೆ, ಬರುತ್ತಿದ್ದವರು ಆರೋ ಏಳೋ ಮಂದಿ. ಬಂದವರೂ ಫೋನು ನೋಡುತ್ತಿದ್ದರು.

ಅಕ್ಟೋಬರಿನಲ್ಲಿ ಒಂದು ಗುರುವಾರ ಬೇಸತ್ತು ಅವರನ್ನು ಕಟ್ಟಡದ ಹಿಂದಿನ ಕಾಲುವೆಗೆ ಕರೆದುಕೊಂಡು ಹೋದೆ. ಹತ್ತು ಮೀಟರ್ ಅಳೆದು, ಒಂದು ಪುಟ್ಟ ಸೇಬನ್ನು ನೀರಿಗೆ ಬಿಟ್ಟು, ಎಷ್ಟು ಸೆಕೆಂಡಿಗೆ ತಲುಪುತ್ತದೆ ನೋಡಿ ಎಂದೆ. ಒಂದು ಗುಂಪಿಗೆ ಒಂಬತ್ತು ಬಂತು, ಇನ್ನೊಂದಕ್ಕೆ ಹನ್ನೊಂದು, ಮತ್ತೊಂದಕ್ಕೆ ಹದಿನೇಳು. ಜಗಳ ಶುರುವಾಯಿತು.

"ನಿಂಗೆ ಎಣ್ಸೋಕೆ ಬರಲ್ಲ ಕಣೋ!"

"ನಿನ್ ಫೋನೇ ಕುಂಟು, ಹೋಗೇ!"

ಆಗ ಜಾಜ್ಗುಲ್ ನೀರನ್ನೇ ನೋಡುತ್ತಾ ಹೇಳಿದಳು: "ಸೇ... ಸೇಬು ದಡಕ್ಕೆ ತಾಗಿತ್ತು ಎಜೆ. ಹದಿನೇಳು ನೀರಿಂದಲ್ಲ, ದ... ದಡದ್ದು."

ಎಜೆ ಅಂದರೆ ಅಕ್ಕ. ಒಂದೂವರೆ ವರ್ಷದಲ್ಲಿ ಅವಳು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಯಾರೂ ನಗಲಿಲ್ಲ. ಮುಂದಿನ ಗುರುವಾರ ಹನ್ನೊಂದು ಮಂದಿ ಬಂದರು, ಅದರ ಮುಂದಿನ ವಾರ ಹದಿನಾಲ್ಕು. ಜಾಜ್ಗುಲ್ ಎರಡನೆಯ ಬೆಂಚಿಗೆ ಬಂದು ಕೂತಳು.

ನನಗೆ ಖುಷಿ ತಡೆಯಲಾಗಲಿಲ್ಲ. ಗುಲ್ಬಾರಾ ಎಜೆಯ ಬಳಿ ಹೋಗಿ ಎಲ್ಲವನ್ನೂ, ಜಾಜ್ಗುಲ್ ಆಡಿದ ಮಾತನ್ನೂ ಸೇರಿಸಿ ಹೇಳಿಬಿಟ್ಟೆ. ಅವರು ವಿಭಾಗದ ಮುಖ್ಯಸ್ಥೆ, ಕಾಗದದ ಮೇಲೆ ನನ್ನ ಮಾರ್ಗದರ್ಶಕಿಯೂ ಹೌದು. ಗಂಟೆ ಲೆಕ್ಕದವರಿಗೆಲ್ಲ ಒಬ್ಬೊಬ್ಬ ಮಾರ್ಗದರ್ಶಕರು ಇರಬೇಕಂತೆ. ನನ್ನ ತರಗತಿಗೆ ಅವರು ಒಮ್ಮೆಯೂ ಕಾಲಿಟ್ಟಿರಲಿಲ್ಲ. ಆದರೂ "ಪಾಠ ವೀಕ್ಷಿಸಿ ಸಲಹೆ ನೀಡಲಾಯಿತು" ಎಂಬ ಸಾಲಿನ ಕೆಳಗೆ ಅವರ ರುಜು ಎಂಟು ಸಲ ಇತ್ತು, ಪಕ್ಕದಲ್ಲಿ ನನ್ನದೂ. ಅಂದು ಅವರು ನಾನು ಹೇಳಿದ್ದನ್ನು ಕೇಳಿ, ಮೊದಲ ಬಾರಿಗೆ, ಬರೆದುಕೊಂಡರು. ನಾನು ಪೆದ್ದಿ, ಹಿಗ್ಗಿದೆ.

ಹತ್ತು ದಿನಕ್ಕೆ ರಾಜಧಾನಿಯಿಂದ ಪರಿಶೀಲನಾ ಸಮಿತಿ ಬರುವ ಸುದ್ದಿ ಬಂತು. ಗಂಟೆ ಲೆಕ್ಕದವರಿಗೆ ವಿಶ್ವವಿದ್ಯಾಲಯ ಎಷ್ಟು ಆಸರೆ ಕೊಡುತ್ತದೆ, ವಿದ್ಯಾರ್ಥಿಗಳು ಎಷ್ಟು ಉತ್ಸಾಹದಿಂದ ಕಲಿಯುತ್ತಾರೆ ಎಂದು ನೋಡುತ್ತಾರಂತೆ. ಅವರ ಮುಂದೆ ಒಂದು 'ತೆರೆದ ಪಾಠ' ನಡೆಯಬೇಕು. ಗುಲ್ಬಾರಾ ಎಜೆ ನನ್ನ ಹೆಸರು ಕೊಟ್ಟಿದ್ದರು.

"ಹೆದರ್ಬೇಡ ಮಗಳೇ, ಮೂರು ಸಲ ತಾಲೀಮು ಮಾಡ್ಸಣ. ಸೇಬಿನ ಪಾಠಾನೇ ಇರ್ಲಿ. ಆದ್ರೆ ಒಳಗೇ. ಸಮಿತಿಯವರು ಕೆಸರು ತುಳೀತಾರಾ? ಪ್ಲಾಸ್ಟಿಕ್ ತೊಟ್ಟೀಲಿ ನೀರಿಡು ಸಾಕು."

"ತೊಟ್ಟೀಲಿ ನೀರು ಹರಿಯಲ್ವಲ್ಲ ಎಜೆ?"

"ಯಾರು ನೋಡ್ತಾರೆ?"

ಮೊದಲ ತಾಲೀಮಿಗೆ ಹೋದಾಗ ಕೋಣೆಯ ತುಂಬ ಗುರುತಿಲ್ಲದ ಮುಖಗಳಿದ್ದವು. ಮೂರು ವಿಭಾಗಗಳಿಂದ ಹೆಕ್ಕಿ ತಂದ ಚುರುಕಿನ ಹುಡುಗಿಯರು, ಬಿಳಿ ಅಂಗಿ, ಕೂದಲಿಗೆ ಹೊಡೆದ ಸ್ಪ್ರೇಯ ಸಿಹಿ ಹಳಸು ವಾಸನೆ. ಒಂದೇ ಲಿಪ್‌ಸ್ಟಿಕ್ಕನ್ನು ಬೆಂಚಿನಿಂದ ಬೆಂಚಿಗೆ ದಾಟಿಸುತ್ತಿದ್ದರು. ನನ್ನವರು ನಾಲ್ವರು ಮಾತ್ರ, ನೋಡಲು ಚೆನ್ನಾಗಿದ್ದವರು.

"ಉಳಿದವ್ರು?" ಎಂದೆ.

"ಅವತ್ತು ರಜ ಅಂತ ಹೇಳಿದೀನಿ. ಆ ತೊದ್ಲೋ ಹುಡುಗೀನ ಸಮಿತಿ ಮುಂದೆ ಕೂರ್ಸ್ತೀಯಾ? ಅವಳ ಮಾತು ಮಾತ್ರ ಚೆನ್ನಾಗಿದೆ. ಅದನ್ನ ಐಚುರೆಕ್ ಹೇಳ್ತಾಳೆ. ಹೇಳಮ್ಮಾ."

ಐಚುರೆಕ್ ಎದ್ದು ಕೈ ಎದೆಗಿಟ್ಟು, ಪದ್ಯ ಒಪ್ಪಿಸುವ ಧಾಟಿಯಲ್ಲಿ ಹೇಳಿದಳು: "ಸೇಬು ದಡಕ್ಕೆ ತಾಗಿತ್ತು ಎಜೆ! ಹದಿನೇಳು ನೀರಿನದಲ್ಲ, ದಡದ್ದು!"

ನನ್ನ ನಾಲಿಗೆಯ ಬುಡದಲ್ಲಿ ಕಹಿ ಎದ್ದಿತು. ಬೇಡ ಎನ್ನಬೇಕಿತ್ತು. ಒಂದೇ ಪದ. ಗುಲ್ಬಾರಾ ಎಜೆ ಮುಂದಿನ ಅವಧಿಯ ಗಂಟೆಗಳ ಪಟ್ಟಿಯನ್ನು ಮೇಜಿನ ಮೇಲೆ ಸುಮ್ಮನೆ ಇಟ್ಟುಕೊಂಡಿದ್ದರು, ಅದರಲ್ಲಿ ನನ್ನ ಹೆಸರಿನ ಮುಂದೆ ಏನೂ ಬರೆದಿರಲಿಲ್ಲ. ನಾನು ನೆಲ ನೋಡುತ್ತಾ "ಇನ್ನೂ ಸ್ವಲ್ಪ ನಿಧಾನ" ಎಂದೆ. ನಾನೇ ತಿದ್ದಿದೆ! ಆ ದಿನ ಮನೆಗೆ ಬಂದು ದಿನಚರಿಯಲ್ಲಿ ಬರೆಯಲು ಹೊರಟರೆ ಆ ಮೂರು ಪದಗಳನ್ನು ಕಾಗದದ ಮೇಲಿಡಲು ಅಸಹ್ಯವಾಗಿ, ಹವಾಮಾನ ಬರೆದು ಮುಚ್ಚಿಟ್ಟೆ.

ಸಮಿತಿಯಲ್ಲಿ ಇಬ್ಬರಿದ್ದರು. ಅದರ ಮುಖ್ಯಸ್ಥೆ ಸಾಲ್ಕಿನ್ ಎಜೆ, ದಪ್ಪ ಚಿನ್ನದ ಕಿವಿಯೋಲೆ. ಇನ್ನೊಬ್ಬ ಗಂಡಸು ಪಾಠದ ಉದ್ದಕ್ಕೂ ಕಿಟಕಿಯ ಪ್ಲಾಸ್ಟಿಕ್ ಹೂವಿನ ದಳ ಕೀಳುತ್ತಿದ್ದ. ಮೂರು ತಾಲೀಮಿನಲ್ಲಿ ಹುಡುಗಿಯರು ಎಷ್ಟು ಪಳಗಿದ್ದರೆಂದರೆ ಪಾಠ ನನ್ನನ್ನು ಬಿಟ್ಟು ಓಡಿತು. ಒಬ್ಬ ಹುಡುಗಿ ನೀರನ್ನು ಬೆರಳಿನಿಂದ ತಳ್ಳಿದಳು, ಸೇಬು ತೊಟ್ಟಿಯಲ್ಲಿ ಗಿರ್ರೆಂದು ತಿರುಗಿತು. ನಾನು "ಹಾಗಾದರೆ ಈ ಮೂರು ಉತ್ತರ..." ಎನ್ನುವಷ್ಟರಲ್ಲಿ ಐಚುರೆಕ್ ಎದ್ದಳು.

"ಸೇಬು ದಡಕ್ಕೆ ತಾಗಿತ್ತು ಎಜೆ!"

ಯಾರೂ ಇನ್ನೂ ಸೆಕೆಂಡು ಎಣಿಸಿರಲಿಲ್ಲ. ಹದಿನೇಳು ಎಂದು ಯಾರೂ ಹೇಳಿಯೇ ಇರಲಿಲ್ಲ. ಸಿಕ್ಕಿಬಿದ್ದೆವು, ಸದ್ಯ ಸಿಕ್ಕಿಬಿದ್ದೆವು ಎಂದುಕೊಂಡೆ. ಆದರೆ ಸಾಲ್ಕಿನ್ ಎಜೆ ಚಪ್ಪಾಳೆ ತಟ್ಟಿದರು.

ಆಮೇಲೆ ಊಟ. ಕುರಿಮಾಂಸ, ಕೈಯಲ್ಲಿ ಹೊಸೆದ ಹಿಟ್ಟಿನ ಎಳೆಗಳು, ಸಾರಿನ ಮೇಲೆ ತಣ್ಣಗಾಗಿ ಬೆಳ್ಳಗೆ ಕಟ್ಟಿದ ಕೊಬ್ಬು. ನನ್ನನ್ನು ಚಹಾ ಸುರಿಯಲು ಬಾಗಿಲ ಬಳಿ ಕೂರಿಸಿದರು. ಸಾಲ್ಕಿನ್ ಎಜೆ ಮೂಳೆಯನ್ನು ಚೀಪುತ್ತಾ ನನ್ನತ್ತ ತಿರುಗಿದರು.

"ಚೆನ್ನಾಗಿತ್ತು ಕಣಮ್ಮ. ಆದ್ರೆ ಆ ಹುಡುಗಿ ಮುಂಚೇನೇ ಎದ್ಬಿಟ್ಲು. ಮೂರು ಸಲ ಮಾಡ್ಸಿದ್ದಾ?"

ನನ್ನ ಕೈಯ ಕೆಟಲ್ ನಿಂತಿತು.

"ಅಯ್ಯೋ, ಹೆದರ್ಕೊಂಡ್ಲು ನೋಡಿ!" ಅವರು ನಕ್ಕರು. ಗಲ್ಲದ ಮೇಲೆ ಕೊಬ್ಬು ಮಿನುಗಿತು. "ನಾವೂ ನಮ್ಮಲ್ಲಿ ಮಾಡ್ಸ್ತೀವಮ್ಮ. ಆದ್ರೆ ಐದು ಸಲ."

ಗುಲ್ಬಾರಾ ಎಜೆ ತೊಡೆ ತಟ್ಟಿಕೊಂಡು ನಕ್ಕರು. ಹೂವಿನ ದಳ ಕಿತ್ತ ಗಂಡಸೂ ನಕ್ಕ. ಮೋಸ ಹೋಗುವವರು ಯಾರೂ ಇಲ್ಲದ ಮೋಸಕ್ಕೆ ನಾನು ಜಾಜ್ಗುಲ್‌ಳ ಬಾಯನ್ನು ಕಿತ್ತು ಕೊಟ್ಟಿದ್ದೆ. ಹೊರಗೆ ಹೋಗಿ ನಲ್ಲಿಯ ಬಳಿ ಬಾಯಿ ತೊಳೆದೆ, ಏನೂ ತಿಂದಿರದಿದ್ದರೂ. ವಿಭಾಗದ ಕೋಣೆಗೆ ಹಿಂದಿರುಗಿದಾಗ ಮೇಜಿನ ಮೇಲಿನ ಗಂಟೆಗಳ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಹನ್ನೆರಡು ಎಂದು ಬರೆದಿತ್ತು.

ಗುರುವಾರ ಐದು ಮಂದಿ ಬಂದರು. ಜಾಜ್ಗುಲ್ ಬಂದಿದ್ದಳು, ಕೊನೆಯ ಬೆಂಚಿನಲ್ಲಿ. ಬೋರ್ಡಿನ ಪಕ್ಕದ ಗೋಡೆಯಲ್ಲಿ ತೆರೆದ ಪಾಠದ ದೊಡ್ಡ ಫೋಟೋ ಅಂಟಿಸಿದ್ದರು: ಐಚುರೆಕ್, ಎದೆಯ ಮೇಲೆ ಕೈ, ಕೆಳಗೆ ದಪ್ಪಕ್ಷರದಲ್ಲಿ ಅವಳು ಆಡಿದ ಮಾತು. ನಾನು ಮಂಜು ಕರಗಿ ಹರಿಯುವ ನದಿಗಳ ಬಗ್ಗೆ ಹೇಳಿದೆ, ಯಾರೂ ಕೇಳಲಿಲ್ಲ. ಕೊನೆಗೆ ಧೈರ್ಯ ಮಾಡಿ ಹಿಂದಿನ ಬೆಂಚಿಗೆ ಹೋದೆ.

"ಜಾಜ್ಗುಲ್, ಬೇಸಿಗೇಲಿ ಮಧ್ಯಾಹ್ನಕ್ಕಿಂತ ಸಂಜೆ ನೀರು ಯಾಕೆ ಜಾಸ್ತಿ ಬರತ್ತೆ? ನಿಂಗೇನನ್ಸತ್ತೆ?"

ಅವಳಿಗೆ ಗೊತ್ತಿತ್ತು. ಉತ್ತರ ಅವಳ ಕಣ್ಣಿಗೆ ಬಂದು ನಿಂತದ್ದನ್ನು ಕಂಡೆ. ಆಮೇಲೆ ಅವಳು ಕೋಟಿನ ಗುಂಡಿ ಹಾಕಿಕೊಂಡಳು.

"ಐ... ಐಚುರೆಕ್‌ನ ಕೇಳಿ ಎಜೆ," ಎಂದಳು. "ನಾ... ನಾನ್ ಹೇಳಿದ್ರೆ ಹೇಗೂ ಅವಳಿಗೇ ಕೊಡ್ತೀರಲ್ಲ."

ಮುಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಕ್ಷಮಿಸು ಎನ್ನಲು ಬಾಯಿ ತೆರೆದೆ. ಒಂದು ಅಕ್ಷರವೂ ಹೊರಡಲಿಲ್ಲ. ಅವಳು ಒಂದು ನಿಮಿಷ, ಪೂರ್ತಿ ಒಂದು ನಿಮಿಷ, ನನಗಾಗಿ ಕಾದಳು. ತೊದಲುವವರಿಗಾಗಿ ಹೇಗೆ ಕಾಯಬೇಕೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಇರಲಿಲ್ಲ. ಆಮೇಲೆ ಚೀಲ ಹೆಗಲಿಗೇರಿಸಿಕೊಂಡು ಬಜಾರಿಗೆ ಹೊರಟಳು.